ಶಾರ್ಜಾ ಫ್ಲ್ಯಾಟಿನಲ್ಲಿ ತೈಲವರ್ಣ: ಎಂಟು ಟ್ಯೂಬು ಸಾಕು

ಕೊಲ್ಲಿ ನಾಡಿನಿಂದ ರಜೆಗೆ ಊರಿಗೆ ಹೊರಡುವವರ ಸೂಟ್‌ಕೇಸಿನಲ್ಲಿ ಏನೇನಿರುತ್ತದೆ ಎಂಬುದು ಊರಿನವರಿಗೆಲ್ಲ ಗೊತ್ತು. ಖರ್ಜೂರ, ಬಾದಾಮಿ, ಹಾಲಿನ ಪುಡಿ, ಅತ್ತರಿನ ಬಾಟಲಿ, ಮಕ್ಕಳಿಗೆ ಚಾಕೊಲೇಟ್. ಶಾರ್ಜಾ–ದುಬೈ ಗಡಿಯ ಅಲ್ ನಹ್ದಾ ಸುತ್ತಮುತ್ತ ವಾಸಿಸುವ ನಮ್ಮಂಥ ಕೆಲವು ಕನ್ನಡ ಕುಟುಂಬಗಳ ಸಾಮಾನಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಸೇರಿದೆ. ಅದು ನಾವೇ ಬಿಡಿಸಿದ ತೈಲವರ್ಣದ ಚಿತ್ರ. ವರ್ಷಕ್ಕೊಮ್ಮೆ ಒಂದು ತಿಂಗಳು ಮಾತ್ರ ಕಣ್ಣಿಗೆ ಕಾಣುವ ಮಗ, ಮಗಳು, ಸೊಸೆ ಉಳಿದ ಹನ್ನೊಂದು ತಿಂಗಳು ಗೋಡೆಯ ಮೇಲೆ ಒಂದು ಚಿತ್ರವಾಗಿ ಇರಲಿ ಎಂಬ ಆಸೆ ಅದರ ಹಿಂದಿದೆ.

ನಮ್ಮಲ್ಲಿ ಕಲಾಶಾಲೆಯಲ್ಲಿ ಕಲಿತವರು ಯಾರೂ ಇಲ್ಲ. ಲೆಕ್ಕಪತ್ರ ನೋಡುವವರು, ಕಟ್ಟಡ ಕಾಮಗಾರಿಯ ಮೇಲ್ವಿಚಾರಕರು, ದಾದಿಯರು, ಮನೆ ನಡೆಸುವವರು. ವಾರಾಂತ್ಯದಲ್ಲಿ ಯಾರದಾದರೂ ಮನೆಯ ಹಾಲ್‌ನಲ್ಲಿ ಹಳೆಯ ಪತ್ರಿಕೆ ಹಾಸಿ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹೊಸದಾಗಿ ಬಂದು ಸೇರುವವರು ಕೇಳುವ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ: ‘ಬಣ್ಣ ಇಷ್ಟು ತಂದೆವು, ಚಿತ್ರ ಮಾತ್ರ ಯಾಕೆ ಮಂಕು?’ ಊರಿನಿಂದ ಮಗನಿಗೋ ಮೊಮ್ಮಗಳಿಗೋ ಬಣ್ಣದ ಪೆಟ್ಟಿಗೆ ಕಳಿಸಬೇಕೆಂದು ಯೋಚಿಸುವ ಓದುಗರಿಗೂ ಇದರ ಉತ್ತರ ಉಪಯೋಗವಾದೀತು. ಚಿತ್ರದ ಹೊಳಪು ಟ್ಯೂಬುಗಳ ಸಂಖ್ಯೆಯಿಂದ ಬರುವುದಿಲ್ಲ. ಶುದ್ಧವಾದ ಕೆಲವೇ ಬಣ್ಣ, ಒಗೆದ ಕುಂಚ, ಎಣ್ಣೆ ಹೀರದ ಬಿಳಿ ಮೈ, ಈ ಮೂರರಿಂದ ಬರುತ್ತದೆ. ಆ ಮೂರನ್ನೂ ಮುಚ್ಚಿದ ಫ್ಲ್ಯಾಟಿನಲ್ಲಿ, ಮಕ್ಕಳಿರುವ ಮನೆಯಲ್ಲಿ, ಹುಷಾರಾಗಿ ಆರಿಸಿಕೊಳ್ಳಬೇಕು.

ಟ್ಯೂಬಿನ ಮೇಲಿನ ಸಣ್ಣ ಅಕ್ಷರ

ತೈಲವರ್ಣ ಎಂದರೆ ನುಣ್ಣಗೆ ಅರೆದ ವರ್ಣದ್ರವ್ಯ ಮತ್ತು ಅದನ್ನು ಹಿಡಿದಿಡುವ ಎಣ್ಣೆ, ಮುಖ್ಯವಾಗಿ ಇಷ್ಟೇ. ಎಣ್ಣೆ ಸಾಮಾನ್ಯವಾಗಿ ಅಗಸೆಯದು. ಬಿಳಿ ಮತ್ತು ತಿಳಿ ಬಣ್ಣಗಳಿಗೆ ಕೆಲವು ಕಂಪನಿಗಳು ಕುಸುಬೆ ಎಣ್ಣೆ ಬಳಸುತ್ತವೆ, ಅದು ಅಗಸೆಯಷ್ಟು ಹಳದಿಗೆ ತಿರುಗುವುದಿಲ್ಲ. ಅಗಸೆ ಚಟ್ನಿಪುಡಿ, ಕುಸುಬೆ ಎಣ್ಣೆ ಬಲ್ಲ ಉತ್ತರ ಕರ್ನಾಟಕದವರಿಗೆ ಎರಡೂ ಹಳೆಯ ಪರಿಚಯ. ಆದರೆ ಅಡುಗೆಮನೆಯ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬಾರದು. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಎಂದೂ ಒಣಗಿ ಗಟ್ಟಿಯಾಗುವುದಿಲ್ಲ. ಚಿತ್ರಕ್ಕೆಂದೇ ಶುದ್ಧಗೊಳಿಸಿದ ಅಗಸೆ ಎಣ್ಣೆಯ ಚಿಕ್ಕ ಬಾಟಲಿ ವರ್ಷಗಟ್ಟಲೆ ಬರುತ್ತದೆ.

ಅಂಗಡಿಯಲ್ಲಿ ಎರಡು ದರ್ಜೆಯ ಟ್ಯೂಬು ಸಿಗುತ್ತವೆ. ವಿದ್ಯಾರ್ಥಿ ದರ್ಜೆಯದರಲ್ಲಿ ವರ್ಣದ್ರವ್ಯ ಕಡಿಮೆ, ತುಂಬಿಸುವ ಬಿಳಿ ಪುಡಿ ಹೆಚ್ಚು. ಕಲಾವಿದರ ದರ್ಜೆಯದರಲ್ಲಿ ವರ್ಣದ್ರವ್ಯ ದಟ್ಟ. ವಿನ್ಸರ್ ಅಂಡ್ ನ್ಯೂಟನ್‌ನ ವಿಂಟನ್, ರಾಯಲ್ ಟಾಲೆನ್ಸ್‌ನ ವ್ಯಾನ್ ಗಾಗ್, ಡೇಲರ್ ರೌನಿಯ ಜಾರ್ಜಿಯನ್ ಇವೆಲ್ಲ ಕಡಿಮೆ ದರದ ಸಾಲಿನವು. ಕಲಿಯುವುದಕ್ಕೆ ಇವು ಧಾರಾಳ ಸಾಕು. ನಾವು ಬಿಳಿ ಮತ್ತು ಮಣ್ಣಿನ ಬಣ್ಣಗಳನ್ನು ಈ ಸಾಲಿನಿಂದ ಕೊಳ್ಳುತ್ತೇವೆ, ಕೆಂಪು–ಹಳದಿ–ಮೆಜೆಂಟಾಗಳಿಗೆ ಮಾತ್ರ ಕೈ ಸ್ವಲ್ಪ ಸಡಿಲಿಸುತ್ತೇವೆ. ಕಣ್ಣು ಮೊದಲು ಓಡುವುದು ಆ ಬಣ್ಣಗಳ ಕಡೆಗೆ, ಅಲ್ಲಿ ಸಪ್ಪೆಯಾದರೆ ಇಡೀ ಚಿತ್ರ ಸಪ್ಪೆ.

ದರ್ಜೆಗಿಂತ ಮುಖ್ಯವಾದದ್ದು ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ. ಅಲ್ಲಿ ವರ್ಣದ್ರವ್ಯದ ಸಂಕೇತ ಇರುತ್ತದೆ. ಪಿ.ಬಿ. 29 ಎಂದರೆ ಅಲ್ಟ್ರಾಮರೀನ್ ನೀಲಿ, ಪಿ.ಡಬ್ಲ್ಯು. 6 ಎಂದರೆ ಟೈಟಾನಿಯಂ ಬಿಳಿ, ಪಿ.ಆರ್. 108 ಎಂದರೆ ಕ್ಯಾಡ್ಮಿಯಂ ಕೆಂಪು. ಸಂಕೇತ ಒಂದೇ ಇದ್ದರೆ ಬಣ್ಣ ಒಂಟಿ, ಮಿಶ್ರಣದಲ್ಲಿ ಅದು ಹೇಳಿದ ಮಾತು ಕೇಳುತ್ತದೆ. ಮೂರು ನಾಲ್ಕು ಸಂಕೇತ ಇದ್ದರೆ ಅದು ಆಗಲೇ ಬೆರೆತ ಬಣ್ಣ, ಅದಕ್ಕೆ ನಾವು ಇನ್ನೆರಡು ಸೇರಿಸಿದರೆ ಕೆಸರಾಗುವುದು ಸಹಜ. ‘ಹ್ಯೂ’ ಎಂಬ ಪದ ಹೆಸರಿನ ಮುಂದಿದ್ದರೆ ಅದು ಮೂಲ ವರ್ಣದ್ರವ್ಯವಲ್ಲ, ಅದರ ಛಾಯೆಗೆ ಹೊಂದುವ ಬೇರೆ ವಸ್ತು ಎಂದರ್ಥ. ಅದು ಕೆಟ್ಟದ್ದೆಂದಲ್ಲ. ಏನು ಕೊಳ್ಳುತ್ತಿದ್ದೇವೆ ಎಂದು ತಿಳಿದು ಕೊಂಡರಾಯಿತು.

ಅದೇ ಪಟ್ಟಿಯಲ್ಲಿ ಬೆಳಕಿಗೆ ಬಣ್ಣ ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬುದೂ ಇರುತ್ತದೆ. ರೋಮನ್ ಅಂಕಿಯಲ್ಲಿ ಒಂದು ಅಥವಾ ಎರಡು ಇದ್ದರೆ ಭಯವಿಲ್ಲ. ಹಳೆಯ ಕಾಲದಿಂದ ಹೆಸರಾದ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿ.ಆರ್. 83, ಬೆಳಕಿನಲ್ಲಿ ಮಾಸುವ ಬಣ್ಣ. ಊರಿನ ಗೋಡೆಯಲ್ಲಿ ಇಪ್ಪತ್ತು ವರ್ಷ ಇರಬೇಕಾದ ಚಿತ್ರಕ್ಕೆ ಅದು ಬೇಡ. ‘ಪರ್ಮನೆಂಟ್’ ಎಂಬ ಹೆಸರಿನ ಬದಲಿ ಸಿಗುತ್ತದೆ, ಅದರ ಸಂಕೇತ ನೋಡಿ ಕೊಳ್ಳಿ.

ಬೆಲೆ ಹೆಚ್ಚಿದ್ದರೆ ಬಣ್ಣ ಹೆಚ್ಚು ಹೊಳೆಯುತ್ತದೆ ಎಂಬುದೂ ನಿಜವಲ್ಲ. ಅಲ್ಟ್ರಾಮರೀನ್ ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಗಣಿಯ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದ ದುಬಾರಿ ಬಣ್ಣ. 19ನೇ ಶತಮಾನದ ಮೊದಲರ್ಧದಲ್ಲಿ ಫ್ರಾನ್ಸ್‌ನಲ್ಲಿ ಅದನ್ನು ಕೃತಕವಾಗಿ ತಯಾರಿಸುವ ದಾರಿ ಸಿಕ್ಕಿತು. ಇಂದು ಅನೇಕ ಕಂಪನಿಗಳಲ್ಲಿ ಅದು ಅಗ್ಗದ ಸಾಲಿನಲ್ಲೇ ಇರುತ್ತದೆ, ಹೊಳಪು ಮಾತ್ರ ಒಂದಿಷ್ಟೂ ಕಡಿಮೆಯಿಲ್ಲ.

ನಮ್ಮ ಎಂಟು

ನಮ್ಮ ಮನೆಗಳಲ್ಲಿ ಈಗ ಎಂಟೇ ಟ್ಯೂಬು. ಟೈಟಾನಿಯಂ ಬಿಳಿ ಪಿ.ಡಬ್ಲ್ಯು. 6. ನಿಂಬೆ ಹಳದಿ ಪಿ.ವೈ. 3. ಮಾವಿನ ಹಣ್ಣಿನಂಥ ಬೆಚ್ಚನೆಯ ಹಳದಿ ಪಿ.ವೈ. 65. ಕುಂಕುಮದತ್ತ ವಾಲುವ ಬೆಚ್ಚನೆಯ ಕೆಂಪು ಪಿ.ಆರ್. 254. ಕ್ವಿನಾಕ್ರಿಡೋನ್ ಮೆಜೆಂಟಾ ಪಿ.ಆರ್. 122. ಅಲ್ಟ್ರಾಮರೀನ್ ಪಿ.ಬಿ. 29. ಥ್ಯಾಲೋ ನೀಲಿ ಪಿ.ಬಿ. 15. ಕೊನೆಯದು ಬರ್ನ್ಟ್ ಸಿಯೆನಾ, ಕಾವಿಮಣ್ಣಿನ ಬಣ್ಣ. ಕಪ್ಪು ಬೇಕೆಂದಾಗ ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಬೆರೆಸಿದರೆ ಟ್ಯೂಬಿನ ಕಪ್ಪಿಗಿಂತ ಜೀವವಿರುವ ಕಪ್ಪು ಬರುತ್ತದೆ.

ಹಳದಿ, ಕೆಂಪು, ನೀಲಿ ಪ್ರತಿಯೊಂದರಲ್ಲೂ ಎರಡೆರಡು ಯಾಕೆ? ಇಲ್ಲಿ ಬೇಲಿ ಬೇಲಿಗೂ ಅರಳುವ ಕಾಗದದ ಹೂವನ್ನೇ ತೆಗೆದುಕೊಳ್ಳಿ. ಅದರ ಗುಲಾಬಿ ನೇರಳೆಯನ್ನು ಕುಂಕುಮಗೆಂಪಿಗೆ ಅಲ್ಟ್ರಾಮರೀನ್ ಬೆರೆಸಿ ತರಲು ಹೋದರೆ ಕಂದು ಛಾಯೆ ಬರುತ್ತದೆ. ಆ ಕೆಂಪಿನಲ್ಲಿ ಹಳದಿಯ ಅಂಶ ಅಡಗಿದೆ, ಹಳದಿಯೂ ನೇರಳೆಯೂ ಒಂದನ್ನೊಂದು ಮಂಕಾಗಿಸುತ್ತವೆ. ಅದೇ ಮೆಜೆಂಟಾಕ್ಕೆ ಚೂರು ಅಲ್ಟ್ರಾಮರೀನ್ ಸೇರಿಸಿದರೆ ಹೂವು ಎದ್ದು ನಿಲ್ಲುತ್ತದೆ. ಹಾಗೆಯೇ ಗದ್ದೆಯ ಎಳೆಹಸಿರಿಗೆ ನಿಂಬೆ ಹಳದಿ ಮತ್ತು ಥ್ಯಾಲೋ ನೀಲಿ, ಹಲಸಿನ ಎಲೆಯ ಗಾಢ ಹಸಿರಿಗೆ ಬೆಚ್ಚನೆಯ ಹಳದಿ ಮತ್ತು ಅಲ್ಟ್ರಾಮರೀನ್. ಥ್ಯಾಲೋ ಮಾತ್ರ ಪ್ರಚಂಡ, ಕಡಲೆ ಕಾಳಿನಷ್ಟು ಹಾಕಿದರೆ ಇಡೀ ಹಲಗೆಯನ್ನು ಆಳುತ್ತದೆ. ಸಾಸಿವೆಯಷ್ಟರಿಂದ ಶುರುಮಾಡಿ.

ಕರಾವಳಿಯ ನಮ್ಮವರು ಹೆಚ್ಚಾಗಿ ಬಿಡಿಸುವುದು ಯಕ್ಷಗಾನದ ವೇಷ. ಕಿರೀಟದ ಚಿನ್ನಕ್ಕೆ ಚಿನ್ನದ ಬಣ್ಣದ ಟ್ಯೂಬು ತಂದರೆ ಅದು ಮದುವೆ ಕಾಗದದಂತೆ ಕಾಣುತ್ತದೆ. ಬರ್ನ್ಟ್ ಸಿಯೆನಾದ ನೆರಳು, ಬೆಚ್ಚನೆಯ ಹಳದಿಯ ಮೈ, ತುದಿಯಲ್ಲಿ ನಿಂಬೆ ಹಳದಿಗೆ ಬಿಳಿ ಬೆರೆಸಿದ ಒಂದೆರಡು ಚುಕ್ಕೆ, ಇಷ್ಟರಲ್ಲೇ ಚಿನ್ನ ಬರುತ್ತದೆ. ಕೆಂಪನ್ನು ತಿಳಿಗೊಳಿಸಲು ಬಿಳಿ ಹಾಕಿದರೆ ಅದು ಗುಲಾಬಿಯಾಗಿ ತಣ್ಣಗಾಗುತ್ತದೆ, ಹಳದಿಯ ಕಡೆಗೆ ಒಯ್ದರೆ ಬೆಂಕಿ ಉಳಿಯುತ್ತದೆ. ಪ್ರಖರ ಬಣ್ಣದ ಪಕ್ಕದಲ್ಲಿ ಗಾಢವಾದ ನೆರಳು ಇದ್ದರೆ ಪ್ರಖರತೆ ತಾನಾಗಿ ಕಾಣುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ತೈಲಚಿತ್ರಗಳಿವೆ. ರಜೆಗೆ ಹೋದಾಗ ಮಕ್ಕಳನ್ನು ಕರೆದೊಯ್ದು, ರೇಷ್ಮೆ ಸೀರೆಯ ಹೊಳಪು ಎಷ್ಟು ಕಡಿಮೆ ಬಣ್ಣದಲ್ಲಿ ಎಷ್ಟು ನೆರಳಿನ ಪಕ್ಕದಲ್ಲಿ ಬಂದಿದೆ ಎಂದು ತೋರಿಸಿ. ಇಲ್ಲಿರುವವರಿಗೆ 2017ರಲ್ಲಿ ತೆರೆದ ಅಬುಧಾಬಿಯ ಲೂವ್ರ್ ಇದೆ. ಅಲ್ಲಿ ಫ್ರಾನ್ಸ್‌ನ ಪಾಲ್ ಗೊಗ್ಯಾಂ 1888ರಲ್ಲಿ ಬಿಡಿಸಿದ, ಕುಸ್ತಿಯಾಡುವ ಮಕ್ಕಳ ಚಿತ್ರ ಸಂಗ್ರಹದಲ್ಲಿದೆ.

ಕುಂಚ: ಮೂರು ನಾಲ್ಕು ಸಾಕು, ಒಗೆದಿರಬೇಕು

ತೈಲವರ್ಣ ಗಟ್ಟಿ, ಅದನ್ನು ತಳ್ಳಲು ಬಿಗಿಯಾದ ಕುಂಚ ಬೇಕು. ಪರಂಪರೆಯಿಂದ ಬಂದದ್ದು ಹಂದಿಯ ಬಿರುಗೂದಲಿನ ಕುಂಚ. ಅದರ ತುದಿ ಸಹಜವಾಗಿ ಸೀಳಿರುವುದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹಂದಿಯ ಕೂದಲು ಮನೆಯೊಳಗೆ ಬೇಡ ಎನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಅವರಿಗೆ ಅದೇ ಬಿಗುವಿನ ಸಿಂಥೆಟಿಕ್ ಕುಂಚಗಳು ಸಿಗುತ್ತವೆ, ಕೆಲಸದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣದು. ಕೊಳ್ಳುವಾಗ ಜಲವರ್ಣದ ಮೆತ್ತನೆಯ ಸಿಂಥೆಟಿಕ್ ಅಲ್ಲ, ತೈಲಕ್ಕೆಂದೇ ಮಾಡಿದ ಬಿಗಿಯಾದದ್ದು ಎಂದು ಖಾತ್ರಿ ಮಾಡಿಕೊಳ್ಳಿ.

ಒಂದು ಅಗಲವಾದ ಚಪ್ಪಟೆ, ಒಂದು ಮಧ್ಯಮ ಅಳತೆಯ ದುಂಡುತುದಿಯ ಚಪ್ಪಟೆ ಅಂದರೆ ಫಿಲ್ಬರ್ಟ್, ಅದರದೇ ಚಿಕ್ಕದೊಂದು, ಗೆರೆಗೆ ಒಂದು ಮೆತ್ತನೆಯ ದುಂಡು. ಜೊತೆಗೆ ಬಣ್ಣ ಕಲಸಲು ಒಂದು ಉಕ್ಕಿನ ಚೂರಿ. ಕುಂಚದಲ್ಲಿ ಬಣ್ಣ ಕಲಸಿದರೆ ಬೇರಿನಲ್ಲಿ ಹಳೆಯ ಬಣ್ಣ ಉಳಿದು ಮುಂದಿನ ಪ್ರತಿ ಹಚ್ಚಿಗೂ ಬೆರೆಯುತ್ತದೆ. ಹೊಸಬರ ಚಿತ್ರ ಮಂಕಾಗಲು ಇದೊಂದು ದೊಡ್ಡ ಕಾರಣ. ಬೆಚ್ಚನೆಯ ಬಣ್ಣಕ್ಕೆ ಒಂದು ಕುಂಚ, ತಣ್ಣನೆಯದಕ್ಕೆ ಇನ್ನೊಂದು ಎಂದು ಮೀಸಲಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಮುಚ್ಚಿದ ಮನೆ, ತೀಕ್ಷ್ಣ ವಾಸನೆ

ಇಲ್ಲಿಯ ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವುದು ಸಾಮಾನ್ಯ. ತಿಂಗಳುಗಟ್ಟಲೆ ಕಿಟಕಿ ತೆರೆಯುವುದಿಲ್ಲ, ಎ.ಸಿ. ಅದೇ ಗಾಳಿಯನ್ನು ಸುತ್ತಿಸುತ್ತಿರುತ್ತದೆ. ಇಂಥ ಮನೆಯಲ್ಲಿ ಟರ್ಪೆಂಟೈನ್ ಬಾಟಲಿ ತೆರೆದಿಟ್ಟು ಕೂತರೆ ತಲೆನೋವು, ಕಣ್ಣುರಿ ಬರಬಹುದು. ಉಬ್ಬಸವಿರುವ ಮಗುವಿದ್ದರಂತೂ ಅದು ಆಟದ ಮಾತಲ್ಲ. ವಾಸನೆಯಿಲ್ಲದ ದ್ರಾವಕಗಳೂ ಆವಿಯಾಗುತ್ತವೆ, ಮೂಗಿಗೆ ತಿಳಿಯುವುದಿಲ್ಲ ಅಷ್ಟೆ. ಆದ್ದರಿಂದ ನಮ್ಮ ಗುಂಪಿನಲ್ಲಿ ಮನೆಯೊಳಗೆ ದ್ರಾವಕ ಬೇಡ ಎಂಬುದು ಮೊದಲ ನಿಯಮ.

ದ್ರಾವಕವಿಲ್ಲದೆ ತೈಲವರ್ಣ ಸಾಧ್ಯವೇ ಎಂದರೆ ಖಂಡಿತ ಸಾಧ್ಯ. ಮೊದಲ ತೆಳು ಪದರವನ್ನು ಟ್ಯೂಬಿನ ಬಣ್ಣದಲ್ಲೇ ಒಣಕುಂಚದಿಂದ ತಿಕ್ಕಿ ಹರಡಬಹುದು. ಮೇಲಿನ ಪದರಗಳಿಗೆ ಎರಡು ಮೂರು ಹನಿ ಅಗಸೆ ಎಣ್ಣೆ ಸಾಕು. ಕೆಳಗೆ ಜಿಡ್ಡು ಕಡಿಮೆ, ಮೇಲೆ ಹೋದಂತೆ ಜಿಡ್ಡು ಹೆಚ್ಚು ಎಂಬ ಕ್ರಮ ತಪ್ಪಿದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಕುಂಚವನ್ನು ಬಟ್ಟೆಯಲ್ಲಿ ಒರೆಸಿ, ಕುಸುಬೆ ಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸಿ, ಕೊನೆಗೆ ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ನೊರೆ ಬೆಳ್ಳಗಾಗುವವರೆಗೆ ತೊಳೆಯಬೇಕು. ತೊಳೆಯಲು ಮಾತ್ರ ಅಡುಗೆಮನೆಯ ಎಣ್ಣೆ ಆದೀತು.

ಇನ್ನೊಂದು ದಾರಿ ನೀರು ಬೆರೆಯುವ ತೈಲವರ್ಣ. ವಿನ್ಸರ್ ಅಂಡ್ ನ್ಯೂಟನ್‌ನ ಆರ್ಟಿಸಾನ್, ರಾಯಲ್ ಟಾಲೆನ್ಸ್‌ನ ಕೋಬ್ರಾ ಈ ಬಗೆಯವು. ಎಣ್ಣೆಯ ಗುಣವನ್ನು ಸ್ವಲ್ಪ ಮಾರ್ಪಡಿಸಿರುವುದರಿಂದ ನೀರಿನಲ್ಲೇ ತೆಳ್ಳಗಾಗುತ್ತವೆ, ಕುಂಚವೂ ನೀರಿನಲ್ಲೇ ತೊಳೆಯುತ್ತದೆ. ಒಣಗುವುದು ಮಾತ್ರ ಮಾಮೂಲಿ ತೈಲವರ್ಣದಂತೆಯೇ. ಚಿಕ್ಕ ಮಕ್ಕಳಿರುವ, ಒಂದೇ ಕೋಣೆಯ ಮನೆಗಳಿಗೆ ನಾವು ಇದನ್ನೇ ಹೇಳುತ್ತೇವೆ.

ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ. ಆಗ ಶಾಖ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಸುಡುವ ಬಾಲ್ಕನಿಯ ಕಸದ ಬುಟ್ಟಿ ಅದಕ್ಕೆ ಇನ್ನೂ ಅನುಕೂಲ ಜಾಗ. ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ. ಕ್ಯಾಡ್ಮಿಯಂ, ಸೀಸ ಇರುವ ಬಣ್ಣಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಬಣ್ಣ ಹಚ್ಚುವಾಗ ತಿಂಡಿ, ಚಹಾ ಬೇರೆ ಕೋಣೆಯಲ್ಲಿರಲಿ.

ಮೈ ಹೇಗಿರಬೇಕು

ಕ್ಯಾನ್ವಾಸ್ ಅಗ್ಗ ಎಂದು ಐದೈದರ ಕಟ್ಟು ತಂದು, ಬಣ್ಣ ಒಣಗಿದಾಗ ಅಲ್ಲಲ್ಲಿ ಬೂದಿಯಂತೆ ಕಳೆಗುಂದಿದ್ದನ್ನು ನೋಡಿ ಬೇಸರಪಟ್ಟವರು ಹಲವರು. ತಪ್ಪು ಬಣ್ಣದ್ದಲ್ಲ. ಕೆಳಗಿನ ಬಿಳಿ ಲೇಪ ತೆಳುವಾಗಿ ಎಣ್ಣೆಯನ್ನು ಹೀರಿಕೊಂಡಿರುತ್ತದೆ. ಅಂಗಡಿಯಲ್ಲೇ ಕ್ಯಾನ್ವಾಸನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ರಂಧ್ರಗಳಿಂದ ಬೆಳಕು ತೂರಿದರೆ ಲೇಪ ಸಾಲದು. ಅಕ್ರಿಲಿಕ್ ಜೆಸ್ಸೋ ಒಂದು ಡಬ್ಬಿ ತಂದು, ಎರಡು ಕೈ ಹೆಚ್ಚಿಗೆ ಬಳಿದು, ನಡುವೆ ನುಣುಪು ಕಾಗದದಿಂದ ಮೆಲ್ಲಗೆ ಉಜ್ಜಿದರೆ ಅಗ್ಗದ ಕ್ಯಾನ್ವಾಸೂ ಕೆಲಸಕ್ಕೆ ಬರುತ್ತದೆ. ಲೇಪವಿಲ್ಲದ ಬರಿ ಬಟ್ಟೆಯ ಮೇಲೆ ತೈಲವರ್ಣ ಹಚ್ಚಬಾರದು, ಎಣ್ಣೆ ನೂಲನ್ನೇ ತಿಂದುಹಾಕುತ್ತದೆ. ಬಿಳಿ ಲೇಪಕ್ಕೆ ಇನ್ನೊಂದು ಗುಣವಿದೆ. ಮೆಜೆಂಟಾ, ಅಲ್ಟ್ರಾಮರೀನ್‌ನಂಥ ಪಾರದರ್ಶಕ ಬಣ್ಣವನ್ನು ತೆಳ್ಳಗೆ ಹಚ್ಚಿದಾಗ ಬೆಳಕು ಬಿಳಿಯವರೆಗೆ ಹೋಗಿ ಮರಳಿ ಬರುತ್ತದೆ, ಬಣ್ಣ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ.

ನಮ್ಮ ಅನುಭವದಲ್ಲಿ ಅನಿವಾಸಿಗಳಿಗೆ ಒಗ್ಗುವುದು ಗಟ್ಟಿ ಹಲಗೆ. 30×40 ಸೆಂಟಿಮೀಟರಿನ ಎಂ.ಡಿ.ಎಫ್. ಅಥವಾ ಪ್ಲೈವುಡ್ ತುಂಡಿಗೆ ಹಿಂದೆ ಮುಂದೆ ಅಂಚಿಗೆಲ್ಲ ಜೆಸ್ಸೋ ಬಳಿದರೆ ಆಯಿತು. ಅದು ಸೂಟ್‌ಕೇಸಿನ ತಳದಲ್ಲಿ ಮಲಗುತ್ತದೆ, ಬಾಡಿಗೆ ಮನೆ ಬದಲಿಸುವಾಗ ಒಂದು ಕೈಯಲ್ಲಿ ಬರುತ್ತದೆ. ಕೆಲಸ ಇಲ್ಲಿ ಎಷ್ಟು ದಿನವೋ ಗೊತ್ತಿಲ್ಲದ ಬಾಳಿನಲ್ಲಿ ಮಂಚದಷ್ಟು ದೊಡ್ಡ ಕ್ಯಾನ್ವಾಸ್ ಕೊನೆಗೆ ಪಕ್ಕದ ಮನೆಯ ಪಾಲಾಗುತ್ತದೆ.

ಊರಿಗೆ ಒಯ್ಯುವ ಲೆಕ್ಕ

ತೆಳುವಾಗಿ ಹಚ್ಚಿದ ಬಣ್ಣ ಮುಟ್ಟಲು ಒಣಗಲು ಕೆಲವು ದಿನದಿಂದ ಎರಡು ವಾರ ಬೇಕು, ದಪ್ಪಗೆ ಹಚ್ಚಿದ್ದಕ್ಕೆ ಇನ್ನೂ ಹೆಚ್ಚು. ಕಾವಿಮಣ್ಣಿನ ಬಣ್ಣಗಳು ಬೇಗ, ಟೈಟಾನಿಯಂ ಬಿಳಿ ನಿಧಾನ. ಜುಲೈ ರಜೆಗೆ ಒಯ್ಯುವ ಚಿತ್ರವನ್ನು ಏಪ್ರಿಲ್‌ನಲ್ಲೇ ಮುಗಿಸುವುದು ನಮ್ಮ ವಾಡಿಕೆ. ಒಣಗುವಾಗ ಶಮಾಲ್ ಗಾಳಿಯ ಧೂಳು ಅಂಟದಂತೆ ಕಿಟಕಿಯಿಂದ ದೂರ, ಗೋಡೆಯ ಕಡೆಗೆ ಮುಖ ಮಾಡಿ ಓರೆಯಾಗಿಡಿ. ಬಟ್ಟೆಯ ಕ್ಯಾನ್ವಾಸನ್ನು ಸುರುಳಿ ಸುತ್ತಲೇಬೇಕಾದರೆ ಚೆನ್ನಾಗಿ ಒಣಗಿದ ಮೇಲೆ, ಬಣ್ಣದ ಬದಿ ಹೊರಗೆ ಬರುವಂತೆ, ಅಗಲವಾದ ಕೊಳವೆಯ ಮೇಲೆ ಸುತ್ತಿ. ಅಂತಿಮ ವಾರ್ನಿಶನ್ನು ಆರು ತಿಂಗಳಿಂದ ವರ್ಷದ ನಂತರ, ಮುಂದಿನ ರಜೆಯಲ್ಲಿ ಊರಿನಲ್ಲೇ ಹಚ್ಚಬಹುದು.

ಟರ್ಪೆಂಟೈನ್ ಮತ್ತು ದ್ರಾವಕ ಸೇರಿದ ವಾರ್ನಿಶ್ ಬೇಗ ಹೊತ್ತಿಕೊಳ್ಳುವ ದ್ರವಗಳು. ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ದೊಡ್ಡ ಲಗೇಜಿಗೂ ಇಲ್ಲ. ಟ್ಯೂಬಿನ ತೈಲವರ್ಣ ಆ ವರ್ಗಕ್ಕೆ ಸೇರದಿದ್ದರೂ, ತಪಾಸಣೆಯವರಿಗೆ ಹೆಸರು ಕೇಳಿಯೇ ಅನುಮಾನ ಬರಬಹುದು. ಕಂಪನಿಯ ಜಾಲತಾಣದಲ್ಲಿ ಸಿಗುವ ಸುರಕ್ಷತಾ ಪತ್ರವನ್ನು ಮುದ್ರಿಸಿ ಜೊತೆಗಿಟ್ಟು, ಟ್ಯೂಬುಗಳನ್ನು ದೊಡ್ಡ ಲಗೇಜಿನಲ್ಲಿಡಿ. ಮೊದಲೇ ವಿಮಾನ ಸಂಸ್ಥೆಯನ್ನು ಕೇಳುವುದು ಒಳ್ಳೆಯದು.

ಇನ್ನು ಊರಿನವರಿಗೆ ನಾಲ್ಕು ಮಾತು. ಚಿತ್ರ ಬರುವ ಹೊತ್ತಿಗೆ ಉಡುಪಿ, ಕುಂದಾಪುರ, ಭಟ್ಕಳದ ಕಡೆ ಜಡಿಮಳೆ. ತೇವ ಹಿಡಿದ ಹೊರಗೋಡೆಗೆ ಅದನ್ನು ಒತ್ತಿ ತೂಗುಹಾಕಬೇಡಿ, ಹಿಂಬದಿಗೆ ಬೂಷ್ಟು ಬರುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಹಾಳಾದೀತೆಂದು ಪ್ಲಾಸ್ಟಿಕ್ ಸುತ್ತಿ ಕಪಾಟಿನಲ್ಲಿಡುವವರೂ ಇದ್ದಾರೆ. ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ, ಬೆಳಕಿಗೆ ತಂದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ನೇರ ಬಿಸಿಲು ಬೀಳದ, ಬೆಳಕಿರುವ ಜಗಲಿಯ ಒಳಗೋಡೆ ಸರಿಯಾದ ಜಾಗ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು.

ಇಲ್ಲಿರುವವರಿಗೆ ಏನಾದರೂ ಕಳಿಸಬೇಕೆನಿಸಿದರೆ 24 ಚಿಕ್ಕ ಟ್ಯೂಬುಗಳ ಪೆಟ್ಟಿಗೆ ಬೇಡ. ಅದರಲ್ಲಿ ಅರ್ಧ ಮುಚ್ಚಳ ತೆರೆಯದೆ ಉಳಿಯುತ್ತದೆ, ಬಿಳಿ ಮಾತ್ರ ಎರಡನೇ ವಾರಕ್ಕೇ ಖಾಲಿ. ಅದೇ ದುಡ್ಡಿಗೆ ಒಂದು ದೊಡ್ಡ ಬಿಳಿ, ಒಂದು ಒಳ್ಳೆಯ ಮೆಜೆಂಟಾ, ಎರಡು ಬಿಗಿಯಾದ ಕುಂಚ ಕಳಿಸಿ. ಜೊತೆಗೆ ಮನೆಯಂಗಳದ ಒಂದು ಫೋಟೊ ಇರಲಿ, ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ತೆಗೆದದ್ದು. ಮುಂದಿನ ಚಿತ್ರಕ್ಕೆ ನಮಗೆ ಬೇಕಾಗಿರುವುದು ಅದೇ.